ಏಪ್ರಿಲ್‌ನಲ್ಲಿ ಮನಾಲಿ ಕಡೆ ಹಿಮದ ಮೇಲೆ ಹೋಗುವುದಾದರೆ ಹಿಮಕುಸಿತದ ಭಯ ಇದೆಯಾ?

ನೀವು ಮಡಿಕೇರಿಯ ಮೂವರು, ತಡಿಯಂಡಮೋಳ್, ಕುಮಾರ ಪರ್ವತ ಹತ್ತಿದವರು. ಏಪ್ರಿಲ್‌ನಲ್ಲಿ ಗೈಡ್ ಇಲ್ಲದೆ ಮನಾಲಿ ಮೇಲಿನ ಹಿಮಕ್ಕೆ ಹೋಗುತ್ತೀರಿ. ಚಳಿಗಾಲ ಮುಗಿದಿದೆ, ಇನ್ನು ಭಯ ಇಲ್ಲ ಅಲ್ವಾ ಎಂದು ಕೇಳಿದ್ದೀರಿ.

ಭಯ ಇದೆ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಹಿಮ ಕುಸಿದು ಏಳು ಪ್ರವಾಸಿಗರು ಸತ್ತರು. ಆಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಅವರು ಶಿಖರ ಹತ್ತಲು ಹೋದವರೂ ಅಲ್ಲ.

ನಾನು ಸೇನೆಯಲ್ಲಿದ್ದಾಗ ಕಾಶ್ಮೀರದ ಎತ್ತರದ ಪೋಸ್ಟ್‌ಗಳಲ್ಲಿದ್ದವನು, ಈಗ ನಾಪೋಕ್ಲು ಹತ್ತಿರ ತೋಟ ನೋಡಿಕೊಂಡಿದ್ದೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ನಮ್ಮ ಬರೆಗಳು (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರುಗಳು) ಹೇಗೆ ಕುಸಿದವು ಎಂದು ನೀವೂ ನೋಡಿದ್ದೀರಿ. ನೀರು ಒಳಗಿಳಿದು ಮಣ್ಣಿನ ಹಿಡಿತ ಬಿಟ್ಟಿತು. ಹಿಮದಲ್ಲೂ ಹಾಗೆಯೇ. ಬಿಸಿಲಿಗೆ ಮೇಲಿನ ಹಿಮ ಕರಗಿ, ನೀರು ಹರಳುಗಳ ನಡುವೆ ಇಳಿದು, ಅವುಗಳ ಬೆಸುಗೆಯನ್ನು ಬಿಡಿಸುತ್ತದೆ. ಒಂದೇ ವ್ಯತ್ಯಾಸ: ನೆನೆದ ಬರೆ ಒಣಗಲು ಎಷ್ಟೋ ದಿನ ಬೇಕು, ಹಿಮ ಮಾತ್ರ ರಾತ್ರಿ ಮತ್ತೆ ಹೆಪ್ಪುಗಟ್ಟಬಹುದು. ಹಾಗಾಗಿ ಯಾವ ತಿಂಗಳು ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದು ಮುಖ್ಯ.

ರಾತ್ರಿ ಆಕಾಶ ಶುಭ್ರವಾಗಿದ್ದರೆ ಹಿಮ ತನ್ನ ಶಾಖ ಬಿಟ್ಟು ಗಟ್ಟಿಯಾಗುತ್ತದೆ. ಮೋಡ ಮುಚ್ಚಿದ್ದರೆ ನಮಗೆ ಚಳಿಯಾದರೂ ಹಿಮ ಸರಿಯಾಗಿ ಗಟ್ಟಿಯಾಗದೆ ಇರಬಹುದು. ಬೆಳಿಗ್ಗೆ ಟೆಂಟ್‌ನಿಂದ ಹೊರಬಂದು ಬೂಟಿನಿಂದ ಒದ್ದು ನೋಡಿ. ಮೇಲೆ ತೆಳು ಪದರ, ಕೆಳಗೆ ರಾಡಿಯಂಥ ಹಿಮ ಇದ್ದರೆ ಅವತ್ತು ಕಡಿದಾದ ಜಾಗಕ್ಕೆ ಹೋಗಬೇಡಿ. ಗಟ್ಟಿಯಾಗಿದ್ದರೆ ಕತ್ತಲಲ್ಲೇ ಹೊರಡಿ, ಬಿಸಿಲು ಏರುವ ಮೊದಲು ಕೆಳಗಿಳಿದಿರಬೇಕು. ನೂಪುಟ್ಟು ತಿಂದು, ಕಾಫಿ ಕುಡಿದು, ಹತ್ತು ಗಂಟೆಗೆ ಹೊರಡುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಬಿಸಿಯಾಗುತ್ತದೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದರೆ, ಬೂಟು ಕಣಕಾಲಿನವರೆಗೆ ಹೂತರೆ, ವಾಚ್ ನೋಡುತ್ತಾ ನಿಲ್ಲಬೇಡಿ, ಹಿಂತಿರುಗಿ. ಹೊಸ ಹಿಮ ಬಿದ್ದ ಮೇಲೆ ಬರುವ ಮೊದಲ ಬಿಸಿಲು ಫೋಟೊಕ್ಕೆ ಚಂದ, ನಡೆಯುವುದಕ್ಕೆ ಅಲ್ಲ.

ಹೆಚ್ಚಿನ ಹಿಮಕುಸಿತಗಳು ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಕೋನ ಅಳೆಯಲು ಮೊಬೈಲ್‌ನಲ್ಲೇ ಆ್ಯಪ್ ಇದೆ. ನೀವು ಸಪಾಟಾದ ಜಾಗದಲ್ಲಿದ್ದರೂ ತಲೆಯ ಮೇಲೆ ಏನಿದೆ ಎಂದು ನೋಡಿ. ಟೆಂಟ್ ಹಾಕಲು ಚಂದ ಕಾಣುವ ಕಮರಿಯ ತಳವೇ ಕುಸಿದ ಹಿಮವೆಲ್ಲ ಬಂದು ತುಂಬುವ ಜಾಗ. ದಾಟಲೇಬೇಕಾದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಿಂದ ಅವರನ್ನೇ ನೋಡುತ್ತಿರಲಿ.

ಟ್ರಾನ್ಸೀವರ್ (ಹೂತವರನ್ನು ಪತ್ತೆ ಮಾಡಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂವರ ಬಳಿಯೂ ಇರಬೇಕು. ಹೂತವರು ಬದುಕುವ ಸಾಧ್ಯತೆ ಹದಿನೈದು ನಿಮಿಷ ಕಳೆದರೆ ತುಂಬಾ ಇಳಿಯುತ್ತದೆ, ಕೆಳಗಿನ ಊರಿನಿಂದ ಜನ ಬರುವುದನ್ನು ಕಾಯಲು ಆಗುವುದಿಲ್ಲ. ಬಳಸಲು ಕಲಿಯದೆ ಸುಮ್ನೆ ಬ್ಯಾಗ್‌ನಲ್ಲಿಟ್ಟರೆ ಪ್ರಯೋಜನ ಇಲ್ಲ. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ಮುಂಚೆ ಅದನ್ನೂ ನೋಡಿ.

ಗೈಡ್ ವಿಷಯ: ಮೊದಲ ಸಲ ಹಿಮಕ್ಕೆ ಹೋಗುತ್ತಿದ್ದರೆ ಅಲ್ಲಿನವರೊಬ್ಬರನ್ನು ಕರೆದುಕೊಂಡೇ ಹೋಗಿ. ದುಡ್ಡು ಉಳಿಸಬೇಕಿದ್ದರೆ ಹೋಟೆಲ್‌ನಲ್ಲಿ ಉಳಿಸಿ.