ಮದ್ದಿನ ಸರದಿ ಪಟ್ಟಿ: ಟೇಬಲ್ ಸಾಲುಗಳನ್ನು ಎಳೆದು ಮೇಲೆ ಕೆಳಗೆ ಮಾಡುವುದು ಹೇಗೆ

ಶೆಟ್ರೇ, ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ಕಿನ್ನಿಗೋಳಿ ಕಡೆಯ 60 ಅಡಿಕೆ ತೋಟಗಳಿಗೆ ಮದ್ದು ಬಿಡುವ ಸರದಿಯನ್ನು ವೆಬ್ ಪೇಜಿನಲ್ಲಿ ಟೇಬಲ್ ಮಾಡಿ ಹಾಕಿದ್ದೀರಿ. ಮಳೆ ಬಂದು ಸರದಿ ಬದಲಾದರೆ ಒಂದು ಸಾಲನ್ನು ಹಿಡಿದು ಎಳೆದು ಬೇರೆ ಜಾಗಕ್ಕೆ ಹಾಕಬೇಕು. ಲ್ಯಾಪ್‌ಟಾಪಲ್ಲಿ ಅದು ಆಗುತ್ತದೆ, ಆದರೆ ದೋಟಿ ಹಿಡಿದು ತೋಟದಲ್ಲಿ ನಿಂತವರ ಫೋನಲ್ಲಿ ಸಾಲು ಅಲುಗುವುದೇ ಇಲ್ಲ, ಇಡೀ ಪೇಜ್ ಮೇಲೆ ಕೆಳಗೆ ಜಾರುತ್ತದೆ. ಇಷ್ಟೇ ಅಲ್ವಾ ಸಮಸ್ಯೆ?

ಮೊದಲು, "ನಂಬರ್ ಕಾಲಂ ಹಾಕಿ, ನಂಬರ್ ತಿದ್ದಿದರೆ ಸಾಕು" ಎಂದವರಿಗೆ ಒಂದು ಮಾತು. 12ನೇ ತೋಟ 2ನೇ ಜಾಗಕ್ಕೆ ಬರಬೇಕಾದರೆ 2ರಿಂದ 11ರವರೆಗಿನ ನಂಬರೆಲ್ಲ ಒಂದೊಂದಾಗಿ ತಿದ್ದಬೇಕು. ಒಂದು ಮರೆತರೂ ಎರಡು ತೋಟಕ್ಕೆ ಒಂದೇ ನಂಬರ್. ಅಡಿಕೆಯ ಕೊಳೆರೋಗ ತಡೆಯಲು ಬಿಡುವ ಬೋರ್ಡೋ ಮದ್ದು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕಿ ಮಾಡಿದ್ದನ್ನು ಅವತ್ತೇ ಬಿಟ್ಟು ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಜೂನ್‌ನಲ್ಲಿ ಮಳೆ ಎರಡು ಗಂಟೆ ಬಿಟ್ಟರೆ ಆ ಹೊತ್ತಿಗೆ ಯಾರ ತೋಟ ಹತ್ತಿರವೋ ಅಲ್ಲಿಗೆ ಹೋಗುವುದು. ಹಾಗಾಗಿ ಪಟ್ಟಿ ತಿದ್ದುವ ಕೆಲಸ ಒಂದು ನಿಮಿಷದಲ್ಲಿ, ಅದೂ ಒದ್ದೆ ಕೈಯಲ್ಲಿ ಆಗಬೇಕು. ಇದು ಚಂದಕ್ಕೆ ಮಾಡುವ ಕೆಲಸ ಅಲ್ಲ, ಕೊಳೆರೋಗಕ್ಕೆ ಸಿಕ್ಕಿದ ಗೊನೆ ಮತ್ತೆ ಬರುವುದಿಲ್ಲ.

ಈಗ ಫೋನಲ್ಲಿ ಯಾಕೆ ಆಗುವುದಿಲ್ಲ ಎಂದರೆ, ನೀವು ಟೇಬಲ್ ಸಾಲಿನ ಟ್ಯಾಗ್ ಆದ ಟಿಆರ್‌ಗೆ ಡ್ರ್ಯಾಗಬಲ್ (ಎಳೆಯಬಹುದು) ಎಂದು ಹಾಕಿ ಡ್ರ್ಯಾಗ್‌ಸ್ಟಾರ್ಟ್, ಡ್ರ್ಯಾಗ್‌ಓವರ್, ಡ್ರಾಪ್ ಎಂಬ ಇವೆಂಟ್‌ಗಳನ್ನು, ಅಂದರೆ ಎಳೆಯುವಾಗ ಬ್ರೌಸರ್ ಕೋಡಿಗೆ ಕೊಡುವ ಸೂಚನೆಗಳನ್ನು, ಬಳಸಿದ್ದೀರಿ. ಬ್ರೌಸರ್ ಒಳಗೇ ಇರುವ ಈ ವ್ಯವಸ್ಥೆ 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದದ್ದು, ಆಮೇಲೆ ಎಚ್‌ಟಿಎಂಎಲ್ 5ಕ್ಕೆ ಸೇರಿತು. ಅದು ಮೌಸ್‌ನ ಕಾಲ. ಬೆರಳಲ್ಲಿ ಮುಟ್ಟುವ ಪರದೆಯನ್ನು ಯೋಚಿಸಿ ಮಾಡಿದ್ದೇ ಅಲ್ಲ. ಈಗಿನ ಕೆಲವು ಫೋನ್ ಬ್ರೌಸರ್‌ಗಳಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಎಳೆಯುವುದು ಶುರುವಾಗುತ್ತದೆ, ಹಳೆಯದರಲ್ಲಿ ಏನೂ ಆಗುವುದಿಲ್ಲ. ನಿಮ್ಮ ಹುಡುಗರ ಕೈಯಲ್ಲಿ ಯಾವ ಫೋನ್ ಇದೆ ಎಂದು ಯಾರಿಗೆ ಗೊತ್ತು? ಅದನ್ನು ನಂಬಿ ಕೂರಬೇಡಿ.

ಬರೀ ಲ್ಯಾಪ್‌ಟಾಪಲ್ಲೇ ಬಳಸುವವರು ಇದ್ದರೆ ಆ ಹಳೆಯ ದಾರಿಯೂ ಸಾಕು. ಡ್ರ್ಯಾಗಬಲ್ ಎಂದಷ್ಟೇ ಬರೆದರೆ ಆಗುವುದಿಲ್ಲ, ಅದಕ್ಕೆ ಟ್ರೂ ಎಂಬ ಬೆಲೆ ಕೊಡಲೇಬೇಕು. ಡ್ರ್ಯಾಗ್‌ಓವರ್‌ನಲ್ಲಿ ಪ್ರಿವೆಂಟ್‌ಡಿಫಾಲ್ಟ್ (ಬ್ರೌಸರ್ ತಾನಾಗಿ ಮಾಡುವುದನ್ನು ತಡೆಯುವುದು) ಕರೆಯದಿದ್ದರೆ ಡ್ರಾಪ್ ಬರುವುದೇ ಇಲ್ಲ, ತುಂಬ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮತ್ತೆ ಎಳೆಯುವಾಗ ಮಾಹಿತಿ ಒಯ್ಯುವ ಡೇಟಾಟ್ರಾನ್ಸ್‌ಫರ್‌ನಲ್ಲಿ ಇಟ್ಟದ್ದನ್ನು ಡ್ರ್ಯಾಗ್‌ಓವರ್ ನಡೆಯುವಾಗ ಓದಲು ಬಿಡುವುದಿಲ್ಲ, ಡ್ರಾಪ್ ಆದಾಗ ಮಾತ್ರ. ಹಾಗಾಗಿ ಯಾವ ಸಾಲು ಎಳೆಯುತ್ತಿದ್ದೇವೆ ಎಂಬುದನ್ನು ಸುಮ್ನೆ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ.

ನಿಮಗೆ ಬೇಕಾದದ್ದು ಪಾಯಿಂಟರ್ ಇವೆಂಟ್‌ಗಳು. ಮೌಸ್, ಬೆರಳು, ಪೆನ್ನು ಮೂರಕ್ಕೂ ಒಂದೇ ಕೋಡ್. ಪಾಯಿಂಟರ್‌ಡೌನ್‌ನಲ್ಲಿ ಸಾಲು ಹಿಡಿಯುವುದು, ಪಾಯಿಂಟರ್‌ಮೂವ್‌ನಲ್ಲಿ ಜಾಗ ಬದಲಿಸುವುದು, ಪಾಯಿಂಟರ್‌ಅಪ್‌ನಲ್ಲಿ ಬಿಡುವುದು. ಜೊತೆಗೆ ಪಾಯಿಂಟರ್‌ಕ್ಯಾನ್ಸಲ್ ಅನ್ನೂ ನೋಡಿಕೊಳ್ಳಬೇಕು, ಯಾಕೆ ಎಂದು ಹೇಳುತ್ತೇನೆ.

ಇಡೀ ಸಾಲನ್ನು ಎಳೆಯುವ ಜಾಗ ಮಾಡಬೇಡಿ. ಪ್ರತಿ ಸಾಲಿನ ಮೊದಲ ಕಾಲಂನಲ್ಲಿ ಮೂರು ಅಡ್ಡ ಗೆರೆಯ ಒಂದು ಹಿಡಿಕೆ ಇಡಿ, ಅಲ್ಲಿ ಮುಟ್ಟಿದರೆ ಮಾತ್ರ ಎಳೆಯಲಿ. ಆ ಹಿಡಿಕೆಗೆ ಸಿಎಸ್‌ಎಸ್‌ನಲ್ಲಿ ಟಚ್-ಆಕ್ಷನ್ ನನ್ (touch-action: none) ಎಂದು ಹಾಕಿ. ಇದೊಂದು ಗೆರೆ ಇಲ್ಲದಿದ್ದರೆ ಬೆರಳು ಅಲುಗಿದ ಕೂಡಲೇ ಬ್ರೌಸರ್ "ಇವರು ಪೇಜ್ ಜಾರಿಸುತ್ತಿದ್ದಾರೆ" ಎಂದುಕೊಂಡು ನಿಮ್ಮ ಕೋಡಿಗೆ ಪಾಯಿಂಟರ್‌ಕ್ಯಾನ್ಸಲ್ ಕಳಿಸಿ ಕೆಲಸವನ್ನು ತಾನೇ ತೆಗೆದುಕೊಳ್ಳುತ್ತದೆ. ಹಿಡಿಕೆ ಮಾಡಿದ ಮೇಲೂ ಪೇಜ್ ಜಾರುತ್ತದೆ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಆದರೆ ಅದನ್ನು ಟೇಬಲ್‌ಗೇ ಹಾಕಬೇಡಿ, ಆಗ 60 ಸಾಲಿನ ಪಟ್ಟಿಯನ್ನು ಫೋನಲ್ಲಿ ಜಾರಿಸಿ ನೋಡಲಿಕ್ಕೇ ಆಗುವುದಿಲ್ಲ. ಹಿಡಿಕೆಗೆ ಮಾತ್ರ. ಅದಕ್ಕೇ ಯೂಸರ್-ಸೆಲೆಕ್ಟ್ ನನ್ ಕೂಡ ಹಾಕಿ, ಎಳೆಯುವಾಗ ಅಕ್ಷರ ನೀಲಿಯಾಗುವುದು ನಿಲ್ಲುತ್ತದೆ.

ಹಿಡಿಕೆಯಿಂದ ಇನ್ನೊಂದು ಲಾಭ ಇದೆ. ನಿಮ್ಮ ಟೇಬಲ್‌ನಲ್ಲಿ "ಎಷ್ಟು ಮರ" ಎಂದು ಬರೆಯುವ ಇನ್‌ಪುಟ್ ಡಬ್ಬಿ ಇದೆ ಎಂದಿದ್ದೀರಿ. ಇಡೀ ಸಾಲು ಎಳೆಯುವಂತಿದ್ದರೆ ಆ ಡಬ್ಬಿಯಲ್ಲಿ ಒಂದು ಅಂಕೆ ಆರಿಸಿ ತಿದ್ದಲು ಹೋದಾಗ ಸಾಲೇ ಕಿತ್ತು ಬರುತ್ತದೆ.

ಇನ್ನು ಪಾಯಿಂಟರ್‌ಮೂವ್ ಒಳಗೆ ಏನು ಮಾಡಬೇಕು ಎಂದು ನೋಡೋಣ, ನಿಜವಾದ ಕೆಲಸ ಇರುವುದು ಇಲ್ಲಿ. ಬೆರಳು ಪರದೆಯಲ್ಲಿ ಎಲ್ಲಿದೆ ಎಂದು ಹೇಳುವ ಕ್ಲೈಂಟ್‌ಎಕ್ಸ್, ಕ್ಲೈಂಟ್‌ವೈ ತೆಗೆದುಕೊಂಡು ಡಾಕ್ಯುಮೆಂಟ್‌ನ ಎಲಿಮೆಂಟ್‌ಫ್ರಮ್‌ಪಾಯಿಂಟ್‌ಗೆ ಕೊಟ್ಟರೆ ಆ ಜಾಗದಲ್ಲಿ ಏನಿದೆ ಎಂದು ಹೇಳುತ್ತದೆ. ಅದರ ಮೇಲೆ ಕ್ಲೋಸೆಸ್ಟ್ ಟಿಆರ್ ಕರೆದರೆ ಬೆರಳಿನ ಅಡಿಯ ಸಾಲು ಸಿಕ್ಕಿತು. ಏನೂ ಸಿಗಲಿಲ್ಲ, ಅಥವಾ ಸಿಕ್ಕಿದ್ದು ನಾವು ಎಳೆಯುತ್ತಿರುವ ಸಾಲೇ ಎಂದರೆ ಸುಮ್ನೆ ಬಿಟ್ಟುಬಿಡಿ. ಟೇಬಲ್‌ನ ತಲೆಸಾಲು ಸಿಕ್ಕಿದರೂ ಬಿಡಿ, ಇಲ್ಲದಿದ್ದರೆ ತೋಟದ ಸಾಲು ತಲೆಸಾಲಿನ ಮೇಲೆ ಹೋಗಿ ಕೂರುತ್ತದೆ. ಬೇರೆ ಸಾಲು ಸಿಕ್ಕಿದರೆ ಅದರ ಜಾಗ, ಅಳತೆ ಹೇಳುವ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್‌ನಿಂದ ಅದರ ನಡುಮಟ್ಟ ಲೆಕ್ಕ ಹಾಕಿ. ಬೆರಳು ನಡುಮಟ್ಟಕ್ಕಿಂತ ಮೇಲಿದ್ದರೆ ನಮ್ಮ ಸಾಲನ್ನು ಅದರ ಬಿಫೋರ್, ಕೆಳಗಿದ್ದರೆ ಆಫ್ಟರ್. ಇರುವ ಸಾಲನ್ನೇ ಹೀಗೆ ಸೇರಿಸಿದರೆ ನಕಲು ಆಗುವುದಿಲ್ಲ, ಅದೇ ಸಾಲು ಜಾಗ ಬದಲಿಸುತ್ತದೆ, ಒಳಗಿನ ಇನ್‌ಪುಟ್‌ನಲ್ಲಿ ಬರೆದದ್ದೂ ಹಾಗೇ ಇರುತ್ತದೆ.

ನಡುಮಟ್ಟದ ಲೆಕ್ಕ ಬಿಟ್ಟು "ಸಾಲು ಮುಟ್ಟಿದ ಕೂಡಲೇ ಅದಲುಬದಲು" ಎಂದು ಮಾಡಿದರೆ ಏನಾಗುತ್ತದೆ ಗೊತ್ತಾ? ನಿಮ್ಮ ಪಟ್ಟಿಯಲ್ಲಿ ಕೆಲವು ಸಾಲು ಒಂದು ಗೆರೆಯದ್ದು, ಕೆಲವಕ್ಕೆ ವಿಳಾಸ ಉದ್ದವಾಗಿ ಮೂರು ಗೆರೆ. ಸಣ್ಣ ಸಾಲನ್ನು ದೊಡ್ಡ ಸಾಲಿನ ಮೇಲೆ ತಂದ ಕೂಡಲೇ ಎರಡೂ ಜಾಗ ಬದಲಿಸುತ್ತವೆ, ಆದರೆ ದೊಡ್ಡ ಸಾಲು ಎತ್ತರ ಇರುವ ಕಾರಣ ಬೆರಳು ಇನ್ನೂ ಅದರ ಮೇಲೇ ಇರುತ್ತದೆ. ಬೆರಳು ಕೂದಲೆಳೆ ಅಲುಗಿದರೂ ಮತ್ತೆ ಅದಲುಬದಲು, ಮತ್ತೆ ವಾಪಸ್. ಎರಡು ಸಾಲು ಪಟಪಟ ಬಡಿದುಕೊಳ್ಳುತ್ತವೆ. ನಡುಮಟ್ಟ ನೋಡಿದರೆ ಇದು ಪೂರ್ತಿ ನಿಲ್ಲುತ್ತದೆ.

ಮತ್ತೊಂದು ಸೂಕ್ಷ್ಮ. ಬೆರಳು ಹಿಡಿಕೆಯಿಂದ ಆಚೆ ಹೋದರೂ ಇವೆಂಟ್ ನಮಗೇ ಬರಲಿ ಎಂದು ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಬಳಸುತ್ತಾರೆ, ಬಳಸಲೇಬೇಕು. ಅದನ್ನು ಹಿಡಿಕೆಯ ಮೇಲೆ ಹಾಕಿದರೆ ಸಾಲು ಜಾಗ ಬದಲಿಸಿದ ಕ್ಷಣ ಹಿಡಿತ ತಪ್ಪುತ್ತದೆ. ಯಾಕೆಂದರೆ ಬ್ರೌಸರ್ ಲೆಕ್ಕದಲ್ಲಿ ಜಾಗ ಬದಲಿಸುವುದು ಎಂದರೆ ಒಮ್ಮೆ ಪೇಜಿನಿಂದ ತೆಗೆದು ಮತ್ತೆ ಹಾಕುವುದು. ಹಾಗಾಗಿ ಕ್ಯಾಪ್ಚರ್ ಅನ್ನು ಟಿಬಾಡಿ (ಸಾಲುಗಳನ್ನೆಲ್ಲ ಸುತ್ತಿರುವ ಟ್ಯಾಗ್) ಮೇಲೆ ಹಾಕಿ, ಅದು ಎಲ್ಲಿಗೂ ಹೋಗುವುದಿಲ್ಲ. ಇವೆಂಟ್ ಕೇಳುವುದನ್ನೂ ಟಿಬಾಡಿಯಲ್ಲೇ ಒಂದೇ ಕಡೆ ಮಾಡಿ. ನಾಳೆ ಹೊಸ ತೋಟದ ಸಾಲು ಸೇರಿಸಿದರೂ ಬೇರೆ ಕೋಡ್ ಬೇಡ.

ಟಿಬಾಡಿ ಎಂದದ್ದಕ್ಕೆ ನೆನಪಾಯಿತು. ಎಚ್‌ಟಿಎಂಎಲ್‌ನಲ್ಲಿ ಟಿಬಾಡಿ ಬರೆಯದಿದ್ದರೂ ಬ್ರೌಸರ್ ತಾನೇ ಸೇರಿಸಿಕೊಳ್ಳುತ್ತದೆ, ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಕ್ರಿಯೇಟ್‌ಎಲಿಮೆಂಟ್, ಅಪೆಂಡ್‌ಚೈಲ್ಡ್ ಬಳಸಿ ಟೇಬಲ್ ಕಟ್ಟಿದರೆ ಸೇರಿಸುವುದಿಲ್ಲ, ನೀವೇ ಹಾಕಬೇಕು. ತಲೆಸಾಲು ಟಿಹೆಡ್‌ನಲ್ಲಿ ಇರಲಿ. ಒಂದೇ ಮನೆಯ ಎರಡು ಮೂರು ತೋಟಗಳನ್ನು ರೋಸ್ಪಾನ್ (ಒಂದೇ ಡಬ್ಬಿ ಹಲವು ಸಾಲಿಗೆ ಚಾಚುವುದು) ಹಾಕಿ ಸೇರಿಸಿದ್ದರೆ ಅದರಲ್ಲಿ ಒಂದು ಸಾಲು ಎಳೆದ ಕೂಡಲೇ ಕಾಲಂಗಳೆಲ್ಲ ಚೆಲ್ಲಾಪಿಲ್ಲಿ ಆಗುತ್ತವೆ. ಒಂದು ಟೇಬಲ್‌ಗೆ ಎಷ್ಟು ಟಿಬಾಡಿ ಬೇಕಾದರೂ ಇರಬಹುದು. ಹಾಗಾಗಿ ಒಂದು ಮನೆಗೆ ಒಂದು ಟಿಬಾಡಿ ಮಾಡಿ, ಸಾಲಿನ ಬದಲು ಟಿಬಾಡಿಯನ್ನೇ ಎಳೆಯಿರಿ, ಆಗ ಕ್ಯಾಪ್ಚರ್ ಟೇಬಲ್ ಮೇಲೆ ಹೋಗಬೇಕು. ಎಳೆಯುವ ಸಾಲನ್ನು ಬೆರಳಿನ ಜೊತೆ ತೇಲಿಸಬೇಕು ಎಂದು ಪೊಸಿಷನ್ ಫಿಕ್ಸೆಡ್ ಹಾಕಬೇಡಿ, ಟೇಬಲ್‌ನಿಂದ ಹೊರಗೆ ಬಂದ ಸಾಲಿಗೆ ಕಾಲಂ ಅಗಲ ಗೊತ್ತಿರುವುದಿಲ್ಲ, ಮುದುಡಿಕೊಳ್ಳುತ್ತದೆ. ಸಾಲು ಅಲ್ಲೇ ಇರಲಿ, ಒಂದು ಗಾಢ ಬಣ್ಣ ಕೊಡಿ ಸಾಕು. ತೆಳು ಬೂದು ಬಣ್ಣ ಮಾತ್ರ ಬೇಡ, ತೋಟದ ಬಿಸಿಲು ಬಿದ್ದಾಗ ಏನೂ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಗಟ್ಟಿ ಅಭಿಪ್ರಾಯ: ಎಳೆಯುವುದನ್ನು ಮೊದಲು ಮಾಡಬೇಡಿ. ಮೊದಲು ಪ್ರತಿ ಸಾಲಿಗೆ ಮೇಲೆ ಒಂದು, ಕೆಳಗೆ ಒಂದು ಬಾಣದ ಬಟನ್ ಇಡಿ, "ಎಲ್ಲಕ್ಕಿಂತ ಮೇಲೆ" ಎಂದು ಮೂರನೆಯದೂ ಇರಲಿ. ಮಳೆ ಬಿಟ್ಟಾಗ ಜಾಸ್ತಿ ಬೇಕಾಗುವುದು ಅದೇ, 45ನೇ ಸಾಲನ್ನು ಬೆರಳಲ್ಲಿ ಎಳೆಯುತ್ತಾ ಮೇಲಿನ ತನಕ ತರುವುದು ಯಾರಿಗೂ ಸುಲಭ ಅಲ್ಲ. ಕೈಗವಸು ಹಾಕಿದವರು, ಕೈ ನಡುಗುವ ಹಿರಿಯರು, ಕೀಬೋರ್ಡ್ ಮಾತ್ರ ಬಳಸುವವರು, ಇವರಿಗೆಲ್ಲ ಎಳೆಯುವುದು ಆಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2, ಅಂದರೆ ವೆಬ್ ಪೇಜ್ ಎಲ್ಲರೂ ಬಳಸುವಂತೆ ಇರಬೇಕು ಎನ್ನುವ ಮಾರ್ಗಸೂಚಿ ಕೂಡ ಇದನ್ನೇ ಹೇಳುತ್ತದೆ: ಎಳೆದು ಮಾಡುವ ಕೆಲಸಕ್ಕೆ ಎಳೆಯದೆ ಮಾಡುವ ದಾರಿ ಇನ್ನೊಂದು ಇರಬೇಕು. ಬಟನ್‌ಗೆ ಅದರಲ್ಲಿ ಹೇಳಿದ ಕನಿಷ್ಠ ಅಳತೆ 24 ಪಿಕ್ಸೆಲ್, ನೀವು ಅದರ ಎರಡರಷ್ಟು ಕೊಡಿ. ಬಟನ್ ಒತ್ತಿ ಸಾಲು ಜಾಗ ಬದಲಿಸಿದ ಮೇಲೆ ಆ ಬಟನ್ ಮೇಲೆ ಫೋಕಸ್ ಮತ್ತೆ ಕರೆಯಿರಿ, ಇಲ್ಲದಿದ್ದರೆ ಕೀಬೋರ್ಡ್‌ನಲ್ಲಿ ಎರಡನೇ ಸಲ ಒತ್ತಿದಾಗ ಏನೂ ಆಗುವುದಿಲ್ಲ.

ಸೇವ್ ಮಾಡುವುದನ್ನು ಯಾರೂ ಕೇಳಿಲ್ಲ, ಆದರೆ ಪಟ್ಟಿ ಉಳಿಯುವುದು ಅದರಲ್ಲೇ. ಎಳೆದದ್ದು ಬರೀ ಪರದೆಯ ಮೇಲೆ ಬದಲಾಗಿರುತ್ತದೆ, ರಿಫ್ರೆಶ್ ಮಾಡಿದರೆ ಹಳೆಯದೇ ಬರುತ್ತದೆ. ನೀವು ಸರ್ವರ್‌ನಲ್ಲಿ ಪಿಎಚ್‌ಪಿ ಬಳಸುವ ಕಾರಣ ತುಂಬ ಸುಲಭದ ದಾರಿ ಇದೆ. ಪ್ರತಿ ಸಾಲಿನ ಒಂದು ಕಾಲಂ ಒಳಗೆ ಆ ತೋಟದ ಐಡಿ ಇರುವ ಹಿಡನ್ ಇನ್‌ಪುಟ್ ಹಾಕಿ, ಎಲ್ಲಕ್ಕೂ ಒಂದೇ ಹೆಸರು, ಕೊನೆಯಲ್ಲಿ ಚೌಕ ಕಂಸ. ಫಾರ್ಮ್ ಸಲ್ಲಿಸುವಾಗ ಬ್ರೌಸರ್ ಪೇಜಿನಲ್ಲಿ ಈಗ ಯಾವ ಕ್ರಮದಲ್ಲಿ ಇದೆಯೋ ಅದೇ ಕ್ರಮದಲ್ಲಿ ಕಳಿಸುತ್ತದೆ. ಅಂದರೆ ಸಾಲು ಎಳೆದ ಕೂಡಲೇ ಕ್ರಮವೂ ತಯಾರು, ಬೇರೆ ಲೆಕ್ಕ ಬೇಡ. ಫಾರ್ಮ್ ಟ್ಯಾಗ್ ಟೇಬಲ್‌ನ ಹೊರಗೆ ಸುತ್ತಿರಲಿ, ಟೇಬಲ್ ಮತ್ತು ಟಿಆರ್ ನಡುವೆ ಹಾಕಿದರೆ ಬ್ರೌಸರ್ ಒಪ್ಪುವುದಿಲ್ಲ.

ಸರ್ವರ್‌ನಲ್ಲಿ ಪ್ರತಿ ತೋಟಕ್ಕೆ ಸರದಿ ಎಂಬ ಕಾಲಂ ಇಟ್ಟು, ಬಂದ ಕ್ರಮದಲ್ಲಿ 1, 2, 3 ಎಂದು ಬರೆಯಿರಿ. 60 ಸಾಲಿಗೆ ಪೂರ್ತಿ ಮತ್ತೆ ಬರೆದರೂ ಏನೂ ಭಾರ ಅಲ್ಲ, ಆದರೆ ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಿ, ಅರ್ಧ ಬರೆದು ನಿಂತರೆ ಪಟ್ಟಿ ಕಲಸುಮೇಲೋಗರ. "3ನೇ ಸಾಲು 7ಕ್ಕೆ ಹೋಯಿತು" ಎಂದು ಕಳಿಸಬೇಡಿ, ಅಷ್ಟರಲ್ಲಿ ಇನ್ನೊಬ್ಬರು ತಿದ್ದಿದ್ದರೆ 3ನೇ ಸಾಲು ಬೇರೆ ಯಾರದ್ದೋ ಆಗಿರುತ್ತದೆ. ಯಾವಾಗಲೂ ಐಡಿ ಕಳಿಸಿ. ಇಬ್ಬರು ಒಟ್ಟಿಗೆ ತಿದ್ದುವುದು ಇದ್ದರೆ ಪಟ್ಟಿಗೇ ಒಂದು ವರ್ಷನ್ ನಂಬರ್ ಇಡಿ. ಸೇವ್ ಮಾಡುವಾಗ ನಂಬರ್ ಹೊಂದದಿದ್ದರೆ "ಪಟ್ಟಿ ಬದಲಾಗಿದೆ, ಮತ್ತೆ ತೆರೆಯಿರಿ" ಎಂದು ಹೇಳಲಿ. ತೋಟದಲ್ಲಿ ನೆಟ್‌ವರ್ಕ್ ಇಲ್ಲದೆ ಸೇವ್ ಆಗದಿದ್ದರೆ ಅದನ್ನೂ ದೊಡ್ಡ ಅಕ್ಷರದಲ್ಲಿ ತೋರಿಸಿ. ಸೇವ್ ಆಗಿದೆ ಎಂದುಕೊಂಡು ಹೊರಟರೆ ಒಂದೇ ತೋಟಕ್ಕೆ ಎರಡು ತಂಡ ಹೋಗಿ ನಿಲ್ಲುತ್ತದೆ.

ಇದನ್ನೆಲ್ಲ ಕೈಯಲ್ಲಿ ಬರೆಯಲು ಪುರುಸೊತ್ತಿಲ್ಲ ಎಂದರೆ ಸಾರ್ಟಬಲ್‌ಜೆಎಸ್ ಎಂಬ ಲೈಬ್ರರಿ, ಅಂದರೆ ಬರೆದಿಟ್ಟ ತಯಾರು ಕೋಡ್ ಇದೆ. ಉಚಿತ, ಜೆಕ್ವೆರಿ ಎಂಬ ಇನ್ನೊಂದು ಲೈಬ್ರರಿ ಬೇಡ, ಬೆರಳಿಗೂ ಕೆಲಸ ಮಾಡುತ್ತದೆ. ಅದನ್ನು ಟೇಬಲ್‌ಗೆ ಅಲ್ಲ, ಟಿಬಾಡಿಗೆ ಕಟ್ಟಬೇಕು. ಹ್ಯಾಂಡಲ್ ಎಂಬ ಆಯ್ಕೆಗೆ ನಿಮ್ಮ ಹಿಡಿಕೆಯ ಕ್ಲಾಸ್ ಕೊಡಿ, ಅನಿಮೇಷನ್‌ಗೆ 150 ಮಿಲಿಸೆಕೆಂಡ್ ಸಾಕು, ಎಳೆದು ಬಿಟ್ಟಾಗ ಬರುವ ಆನ್‌ಎಂಡ್‌ನಲ್ಲಿ ಫಾರ್ಮ್ ಕಳಿಸಿ. ಸಾಲು ಎಳೆಯುತ್ತಾ ಪರದೆಯ ಅಂಚಿಗೆ ಬಂದರೆ ಪೇಜನ್ನೂ ಅದೇ ಜಾರಿಸುತ್ತದೆ, ಕೈಯಲ್ಲಿ ಬರೆದರೆ ಅದನ್ನೂ ನೀವೇ ಮಾಡಬೇಕು. ಫೈಲ್ ಇಳಿಸಿ ನಿಮ್ಮ ಸೈಟ್‌ನಲ್ಲೇ ಇಡುವುದು ಒಳ್ಳೆಯದು. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಬಾಣದ ಬಟನ್ ಮತ್ತು ಸೇವ್ ಮುಗಿಸಿ ಹುಡುಗರ ಕೈಗೆ ಕೊಟ್ಟು, ಆಮೇಲೆ ಇದನ್ನು ಸೇರಿಸುತ್ತಿದ್ದೆ.

ಪರೀಕ್ಷೆ ಮಾಡುವಾಗ ಲ್ಯಾಪ್‌ಟಾಪ್‌ನಲ್ಲಿ ಫೋನಿನ ಅಳತೆ ಮಾಡಿ ನೋಡಿದರೆ ಸಾಲದು, ನಿಜವಾದ ಫೋನಲ್ಲೇ ನೋಡಿ. ಕೊನೆಯ ಸಾಲನ್ನು ಮೊದಲಿಗೆ, ಮೊದಲನೆಯದನ್ನು ಕೊನೆಗೆ, ಉದ್ದ ವಿಳಾಸದ ಸಾಲನ್ನು ನಡುವಿಗೆ ಎಳೆದು, ಸೇವ್ ಮಾಡಿ, ಇನ್ನೊಂದು ಫೋನಲ್ಲಿ ತೆರೆದು ಅದೇ ಕ್ರಮ ಬಂತಾ ನೋಡಿ. ರೋಸ್ಪಾನ್ ಇದೆಯಾ ಇಲ್ಲವಾ ಎಂದು ನೀವು ಬರೆದಿಲ್ಲ. ಇದ್ದರೆ ಟೇಬಲ್‌ನ ಎಚ್‌ಟಿಎಂಎಲ್ ಇಲ್ಲಿ ಹಾಕಿ, ಜನರ ಹೆಸರು, ಫೋನ್ ನಂಬರ್ ತೆಗೆದು ಹಾಕಿ ಮಾರಾಯ್ರೇ, ನೋಡಿ ಹೇಳುತ್ತೇನೆ.