ಮಂಡಿಯ ಕೀಲು ಬದಲಿಸಿದ ಮೇಲೂ ಕುಂಟು ಉಳಿದರೆ ನಡಿಗೆ ಮತ್ತು ಸ್ನಾಯುಗಳ ಪರೀಕ್ಷೆಯಿಂದ ಪ್ರಯೋಜನವಿದೆಯೇ?

ತಾಯಿಯವರಿಗೆ ಬಲ ಮಂಡಿಯ ಕೀಲು ಬದಲಿಸಿ ನಾಲ್ಕು ತಿಂಗಳಾಗಿದೆ, ನೋವು ಬಹುಮಟ್ಟಿಗೆ ಹೋಗಿದೆ, ಎಕ್ಸ್‌ರೇಯಲ್ಲಿ ಕೃತಕ ಕೀಲು ಸರಿಯಾಗಿ ಕುಳಿತಿರುವುದು ಕಾಣುತ್ತದೆ, ಆದರೂ ಅವರು ಕಾಲನ್ನು ಕೋಲಿನಂತೆ ನೆಟ್ಟಗೆ ಹಿಡಿದು ಕುಂಟುತ್ತಲೇ ನಡೆಯುತ್ತಾರೆ. ಈಗ ನಡಿಗೆಯ ವಿಶ್ಲೇಷಣೆ ಮತ್ತು ಇಎಂಜಿ (ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಪರೀಕ್ಷೆ) ಮಾಡಿಸಲು ಹೇಳಿದ್ದಾರೆ, ಅದು ನಿಜಕ್ಕೂ ಬೇಕೇ ಎಂದು ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ಕೆಲವು ವರ್ಷ ನಡಿಗೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ತಾಯಿಯವರನ್ನು ಕಣ್ಣಾರೆ ನೋಡದೆ ತೀರ್ಪು ಹೇಳಲಾರೆನಾದರೂ, ನೀವು ವಿವರಿಸಿರುವ ಸ್ಥಿತಿಯಲ್ಲಿ ಈ ಪರೀಕ್ಷೆಗೆ ಅರ್ಥವಿದೆ ಎಂದೇ ನನ್ನ ಅಭಿಪ್ರಾಯ. ಇದೇ ಪ್ರಶ್ನೆಯನ್ನು ಶಸ್ತ್ರಚಿಕಿತ್ಸೆಯಾದ ಮೂರನೆಯ ವಾರದಲ್ಲಿ ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಏಕೆಂದರೆ ಆಗ ಎಲ್ಲರೂ ಕುಂಟುತ್ತಾರೆ ಮತ್ತು ಅದರ ಕಾರಣ ತಿಳಿಯಲು ಯಂತ್ರ ಬೇಕಾಗಿಲ್ಲ.

ಆ ಕಾರಣವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ತೊಡೆಯ ಮುಂಭಾಗದಲ್ಲಿರುವ ಕ್ವಾಡ್ರಿಸೆಪ್ಸ್ ಸ್ನಾಯುಗಳ ಬಲ ಶಸ್ತ್ರಚಿಕಿತ್ಸೆಯಾದ ಒಂದು ತಿಂಗಳಿಗೆ ಮೊದಲಿದ್ದುದರ ಅರ್ಧಕ್ಕೆ, ಕೆಲವರಲ್ಲಿ ಅದಕ್ಕಿಂತಲೂ ಕೆಳಕ್ಕೆ, ಇಳಿದಿರುತ್ತದೆ. ಸ್ನಾಯು ಸೊರಗಿದ್ದರಿಂದ ಮಾತ್ರ ಇಷ್ಟಾಗುವುದಿಲ್ಲ. ಊದಿಕೊಂಡ ಕೀಲಿನಿಂದ ಹೊರಡುವ ಸಂವೇದನೆಗಳು ಬೆನ್ನುಹುರಿಯ ಮಟ್ಟದಲ್ಲಿಯೇ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಹಿಡಿಯುತ್ತವೆ. 1984ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತರ ಮಂಡಿಯೊಳಕ್ಕೆ ಲವಣದ ದ್ರಾವಣವನ್ನು ಸೇರಿಸಿ ನೋಡಿದಾಗ, ಬರೀ 20ರಿಂದ 30 ಮಿಲಿಲೀಟರಿಗೇ ತೊಡೆಯ ಒಳಬದಿಯ ಸ್ನಾಯುವಿನ ಪ್ರತಿವರ್ತನೆ ಕುಗ್ಗಿತು. ಹೊರಬದಿಯ ಸ್ನಾಯುವಿನ ಪ್ರತಿವರ್ತನೆ ಕುಗ್ಗಲು 50ರಿಂದ 60 ಮಿಲಿಲೀಟರ್ ಬೇಕಾಯಿತು. ನೋವಿಲ್ಲದ ಮಂಡಿಯಲ್ಲಿಯೂ ಹೀಗಾಗುತ್ತದೆಂದ ಮೇಲೆ, ‘ನೋವು ಹೋಯಿತಲ್ಲ, ಇನ್ನೇಕೆ ಕಾಲಿಗೆ ಬಲ ಬಂದಿಲ್ಲ’ ಎಂದು ತಾಯಿಯವರನ್ನು ಗದರಿಸುವುದರಲ್ಲಿ ಅರ್ಥವಿಲ್ಲ. ಮೊದಲ ವಾರಗಳಲ್ಲಿ ಮಂಜುಗಡ್ಡೆ ಇಡುವುದು, ಕಾಲನ್ನು ಎತ್ತರಿಸಿಡುವುದು, ವಿದ್ಯುತ್ ಪ್ರಚೋದನೆಯಿಂದ ಸ್ನಾಯುವನ್ನು ಸಂಕುಚಿಸುವುದು ಇವೆಲ್ಲವನ್ನೂ ಹೇಳುವುದು ಈ ತಡೆಯನ್ನು ಸಡಿಲಿಸಲಿಕ್ಕಾಗಿಯೇ.

ಸಮಸ್ಯೆ ಶುರುವಾಗುವುದು ಮೂರು, ನಾಲ್ಕು ತಿಂಗಳ ಬಳಿಕವೂ ಕುಂಟು ಉಳಿದಾಗ. ನೆಟ್ಟಗಿನ ಮಂಡಿಯ ನಡಿಗೆ ಹೊರಗಿನಿಂದ ಒಂದೇ ರೀತಿ ಕಂಡರೂ ಅದರ ಹಿಂದೆ ಬೇರೆ ಬೇರೆ ಕಾರಣಗಳಿರಬಹುದು, ಮತ್ತು ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಹೊಂದುವುದಿಲ್ಲ. ಸಾಮಾನ್ಯ ನಡಿಗೆಯಲ್ಲಿ ಹಿಮ್ಮಡಿ ನೆಲ ಮುಟ್ಟಿ ದೇಹದ ಭಾರ ಕಾಲಿನ ಮೇಲೆ ಬೀಳುತ್ತಿದ್ದಂತೆ ಮಂಡಿ 15ರಿಂದ 20 ಡಿಗ್ರಿಯಷ್ಟು ಬಾಗಿ ಆಘಾತವನ್ನು ಹೀರಿಕೊಳ್ಳುತ್ತದೆ. ಮುಂದೆ ಕಾಲು ಗಾಳಿಯಲ್ಲಿ ಸಾಗುವಾಗ ಸುಮಾರು 60 ಡಿಗ್ರಿ ಬಾಗುತ್ತದೆ. ಪ್ರಯೋಗಾಲಯದಲ್ಲಿ ಚರ್ಮದ ಮೇಲೆ ಅಂಟಿಸಿದ ಪ್ರತಿಫಲಕ ಗುರುತುಗಳನ್ನು ಹಲವು ಕ್ಯಾಮೆರಾಗಳು ಸಾಮಾನ್ಯವಾಗಿ ಸೆಕೆಂಡಿಗೆ ನೂರು ಬಾರಿಯಾದರೂ ದಾಖಲಿಸುತ್ತವೆ, ನೆಲದಲ್ಲಿ ಹುದುಗಿಸಿದ ಫೋರ್ಸ್ ಪ್ಲೇಟ್ ಪಾದವು ನೆಲವನ್ನು ಎಷ್ಟು ಬಲದಿಂದ, ಯಾವ ದಿಕ್ಕಿನಲ್ಲಿ ಒತ್ತಿತೆಂದು ಹೇಳುತ್ತದೆ, ಇಎಂಜಿಯ ಎಲೆಕ್ಟ್ರೋಡುಗಳು ಯಾವ ಸ್ನಾಯು ಯಾವ ಕ್ಷಣದಲ್ಲಿ ಎದ್ದಿತು, ಯಾವಾಗ ಮಲಗಿತು ಎಂಬುದನ್ನು ತೋರಿಸುತ್ತವೆ. ಈ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗಲೇ ಕಾರಣ ಬೇರ್ಪಡುತ್ತದೆ.

ಉದಾಹರಣೆಗೆ, ಮಂಚದ ಮೇಲೆ ಮಲಗಿಸಿ ಬಾಗಿಸಿದಾಗ ಮಂಡಿ 105 ಡಿಗ್ರಿ ಬಾಗುತ್ತದೆ, ನಡೆಯುವಾಗ 40 ಡಿಗ್ರಿಗೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಆಗ ಕೀಲಿನ ಬಿಗಿತ ಕಾರಣವಲ್ಲ, ಅದನ್ನು ಇನ್ನಷ್ಟು ಬಲವಂತವಾಗಿ ಬಗ್ಗಿಸಿ ನೋಯಿಸುವುದು ವ್ಯರ್ಥ. ಭಾರ ಬಿದ್ದ ಕ್ಷಣದಲ್ಲಿ ರೋಗಿ ಮುಂಡವನ್ನು ಮುಂದಕ್ಕೆ ಬಾಗಿಸಿ, ಮಂಡಿಯನ್ನು ನೆಟ್ಟಗೆ ಮಾಡಿ ಕ್ವಾಡ್ರಿಸೆಪ್ಸ್‌ಗೆ ಕೆಲಸವೇ ಬೀಳದಂತೆ ನೋಡಿಕೊಳ್ಳುತ್ತಿದ್ದರೆ, ಮತ್ತು ಬಲ ಅಳೆಯುವ ಉಪಕರಣದಲ್ಲಿಯೂ ಆ ಸ್ನಾಯು ಆರೋಗ್ಯವಂತ ಕಾಲಿನದಕ್ಕಿಂತ ಬಹಳ ಹಿಂದಿದ್ದರೆ, ದೌರ್ಬಲ್ಯವೇ ಕಾರಣವೆನ್ನಬಹುದು. ಕ್ರಮೇಣ ಭಾರ ಏರಿಸುತ್ತ ಹೋಗುವ ವ್ಯಾಯಾಮ ಅಲ್ಲಿ ಬೇಕು. ಬಲ ಸಾಕಷ್ಟಿದ್ದೂ ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳೆರಡೂ ಕಾಲು ನೆಲದ ಮೇಲಿರುವಷ್ಟು ಹೊತ್ತೂ ಒಟ್ಟಿಗೆ ಬಿಗಿದುಕೊಂಡಿರುವುದನ್ನು ಇಎಂಜಿ ತೋರಿಸಿದರೆ ವಿಷಯವೇ ಬೇರೆ. ನೋವಿದ್ದ ವರ್ಷಗಳಲ್ಲಿ ಮಂಡಿಯನ್ನು ಕಾಪಾಡಿಕೊಳ್ಳಲು ಕಲಿತ ನಡಿಗೆ, ಕೀಲು ಹೊಸದಾದ ಮೇಲೂ ಮುಂದುವರಿದಿದೆ ಎಂದರ್ಥ.

ಈ ಕೊನೆಯ ವರ್ಗವನ್ನು ಗುರುತಿಸದೆ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ವೃತ್ತಿಯ ಆರಂಭದಲ್ಲಿ, ಹೀಗೆಯೇ ಕಾಲು ಬಿಗಿಹಿಡಿದು ನಡೆಯುತ್ತಿದ್ದ ಹಿರಿಯರೊಬ್ಬರಿಗೆ ಎರಡು ತಿಂಗಳು ಸ್ನಾಯು ಬಲಪಡಿಸುವ ವ್ಯಾಯಾಮವನ್ನಷ್ಟೇ ಮಾಡಿಸಿದೆ. ಅವರು ಎತ್ತುವ ಭಾರ ಹೆಚ್ಚಿತು, ನಡಿಗೆ ಒಂದಿಷ್ಟೂ ಬದಲಾಗಲಿಲ್ಲ. ಕಡೆಗೆ ಇಎಂಜಿ ಮಾಡಿಸಿದಾಗ ತೊಡೆಯ ಹಿಂದಿನ ಸ್ನಾಯು ಸಡಿಲಬೇಕಾದ ಹೊತ್ತಿನಲ್ಲಿ ಸಡಿಲುತ್ತಿಲ್ಲವೆಂದು ತಿಳಿಯಿತು. ಪರದೆಯ ಮೇಲೆ ಅವರದೇ ಸ್ನಾಯುವಿನ ಸಂಕೇತವನ್ನು ತೋರಿಸುತ್ತ, ಭಾರವನ್ನು ನಿಧಾನವಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ಮಂಡಿಯನ್ನು ತುಸು ಬಾಗಲು ಬಿಡುವುದನ್ನೂ ಅಭ್ಯಾಸ ಮಾಡಿಸಿದ ಮೇಲೆಯೇ ಹೆಜ್ಜೆ ಸಡಿಲವಾಯಿತು. ಎಲ್ಲರಿಗೂ ಇಷ್ಟು ಫಲ ಸಿಗುತ್ತದೆಂದು ನಾನು ಭರವಸೆ ಕೊಡುವುದಿಲ್ಲ.

ಪರೀಕ್ಷೆಯ ಮಿತಿಗಳೂ ನಿಮಗೆ ತಿಳಿದಿರಲಿ. ಇಎಂಜಿ ಅಳೆಯುವುದು ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು, ಅದರ ಬಲವನ್ನಲ್ಲ. ಚರ್ಮದ ಕೆಳಗಿನ ಕೊಬ್ಬು ಹೆಚ್ಚಿದ್ದರೆ ಸಂಕೇತ ಕ್ಷೀಣವಾಗುತ್ತದೆ, ಎಲೆಕ್ಟ್ರೋಡ್ ಸ್ವಲ್ಪ ಸರಿದರೂ ಅಂಕಿ ಬದಲಾಗುತ್ತದೆ, ಪಕ್ಕದ ಸ್ನಾಯುವಿನ ಸಂಕೇತವೂ ಸೇರಿಕೊಳ್ಳಬಹುದು. ಆದ್ದರಿಂದ ‘ಕಳೆದ ಸಲ ಇಷ್ಟು ಮೈಕ್ರೋವೋಲ್ಟ್ ಇತ್ತು, ಈ ಸಲ ಇಷ್ಟು ಏರಿದೆ’ ಎಂದು ಯಾರಾದರೂ ಹೇಳಿದರೆ, ಆ ಅಂಕಿಯನ್ನು ಅದೇ ದಿನದ ಗರಿಷ್ಠ ಸಂಕುಚನದೊಂದಿಗೆ ಹೋಲಿಸಿ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಸ್ನಾಯು ಯಾವಾಗ ಎದ್ದಿತು, ಯಾವಾಗ ಮಲಗಿತು ಎಂಬ ಕಾಲದ ಮಾಹಿತಿಯನ್ನು ನಾನು ಹೆಚ್ಚು ನಂಬುತ್ತೇನೆ. ಹಾಗೆಯೇ ತೊಡೆಯ ಚರ್ಮ ಮೂಳೆಯ ಮೇಲೆ ಜಾರುವುದರಿಂದ ಮಂಡಿ ಬಾಗುವ ಕೋನ ವಿಶ್ವಾಸಾರ್ಹವಾಗಿದ್ದರೂ, ಅದು ಒಳಹೊರಗೆ ತಿರುಗುವ ಕೋನವನ್ನು ಅಷ್ಟಾಗಿ ನೆಚ್ಚಬಾರದು. ಇವೆಲ್ಲಕ್ಕಿಂತ ದೊಡ್ಡ ತೊಡಕು ಮನುಷ್ಯಸಹಜವಾದದ್ದು: ನೋಡುವವರಿದ್ದಾರೆ ಎಂದರೆ ಯಾರೂ ತಮ್ಮ ನಿತ್ಯದ ನಡಿಗೆಯನ್ನು ನಡೆಯುವುದಿಲ್ಲ. ಕ್ಯಾಮೆರಾದ ಮುಂದೆ ಚೆನ್ನಾಗಿ ಹೆಜ್ಜೆ ಹಾಕಿ, ಪರೀಕ್ಷೆ ಮುಗಿದು ಚಪ್ಪಲಿ ಮೆಟ್ಟಿದ ಕೂಡಲೇ ಕುಂಟುತ್ತ ಬಾಗಿಲ ಕಡೆ ಹೊರಟವರನ್ನು ಎಷ್ಟೋ ಸಲ ನೋಡಿದ್ದೇನೆ.

ಸೊಂಟದ ಕೀಲು ಬದಲಿಸಿದವರಲ್ಲಿ ನೋಡಬೇಕಾದದ್ದು ಬೇರೆ ಸ್ನಾಯು, ಸೊಂಟದ ಪಕ್ಕದಲ್ಲಿರುವುದು. ಅಲ್ಲಿ ಒಂಟಿ ಕಾಲಿನ ಮೇಲೆ ನಿಂತಾಗ ಎದುರುಬದಿಯ ಸೊಂಟ ಕುಸಿಯುವುದೇ ಮುಖ್ಯ ಲಕ್ಷಣ. 1895ರಲ್ಲಿ ಜರ್ಮನಿಯ ಶಸ್ತ್ರಚಿಕಿತ್ಸಕ ಟ್ರೆಂಡೆಲೆನ್‌ಬರ್ಗ್ ವಿವರಿಸಿದ ಆ ಚಿಹ್ನೆಯನ್ನು ನೋಡಲು ಇಂದಿಗೂ ಅನುಭವಿಯ ಕಣ್ಣೇ ಸಾಕು.

ಪ್ರಯೋಗಾಲಯಕ್ಕೆ ಹೋಗುವ ಮೊದಲು ಮನೆಯಲ್ಲಿಯೇ ಸ್ವಲ್ಪ ಮಾಹಿತಿ ಸಂಗ್ರಹಿಸಿಕೊಳ್ಳಿ, ಆಗ ಪರೀಕ್ಷಿಸುವವರ ಕೆಲಸ ಹಗುರವಾಗುತ್ತದೆ. ಒಂದೇ ಬಗೆಯ ಎರಡು ತೂಕದ ಯಂತ್ರಗಳ ಮೇಲೆ ಒಂದೊಂದು ಪಾದವಿರಿಸಿ ಅವರನ್ನು ಸಹಜವಾಗಿ ನಿಲ್ಲಿಸಿ ನೋಡಿ. ನಂತರ ಪಕ್ಕದಲ್ಲಿ ನೀವಿದ್ದು, ಕುರ್ಚಿಯಿಂದ ಏಳುವಾಗಲೂ ಎರಡು ಅಂಕಿಗಳನ್ನು ಗಮನಿಸಿ. ನಿಂತಾಗ ಸಮವಾಗಿದ್ದ ಭಾರ ಏಳುವಾಗ ಎಡಗಾಲಿಗೆ ವಾಲುವುದು ಬಹಳ ಸಾಮಾನ್ಯ, ಮತ್ತು ವರ್ಷಗಟ್ಟಲೆ ಹೀಗೇ ಮುಂದುವರಿದರೆ ಆ ಎಡ ಮಂಡಿಯ ಗತಿಯೇನು ಎಂಬ ಚಿಂತೆ ನನಗಿರುತ್ತದೆ. ಕೈಯೂರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಕುಳಿತು ಏಳುತ್ತಾರೆ, ಕುರ್ಚಿಯಿಂದೆದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಎಂಬುದನ್ನೂ ಬರೆದಿಡಿ. ಅವರಿಗೆ ಅರಿವಾಗದಂತೆ, ಆದರೆ ಮೊದಲೇ ಒಪ್ಪಿಗೆ ಪಡೆದು, ಪಕ್ಕದಿಂದ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದಿದ್ದರೆ ಅದು ಪ್ರಯೋಗಾಲಯದ ಅಂಕಿಗಳಿಗೆ ಒಳ್ಳೆಯ ಸಾಕ್ಷಿಯಾಗುತ್ತದೆ.

ವರದಿ ಕೈಗೆ ಬಂದಾಗ, ಇದರಿಂದ ವ್ಯಾಯಾಮದಲ್ಲಿ ಏನನ್ನು ಬಿಡಬೇಕು, ಏನನ್ನು ಸೇರಿಸಬೇಕು, ಮತ್ತೆ ಯಾವಾಗ ಅಳೆಯುತ್ತೀರಿ ಎಂದು ನೇರವಾಗಿ ಕೇಳಿ. ಆರರಿಂದ ಎಂಟು ವಾರಗಳ ಬಳಿಕ ಅದೇ ವೇಗದಲ್ಲಿ ನಡೆಸಿ ಮರುಪರೀಕ್ಷೆ ಮಾಡದಿದ್ದರೆ ಮೊದಲ ಪರೀಕ್ಷೆಯ ಅರ್ಧ ಪ್ರಯೋಜನ ಕೈತಪ್ಪಿದಂತೆ. ಪರೀಕ್ಷೆಯ ದಿನ ಮಂಡಿ ಎಂದಿಗಿಂತ ಹೆಚ್ಚು ಊದಿದ್ದರೆ ಮುಂದೂಡಿ, ಏಕೆಂದರೆ ಆಗ ದಾಖಲಾಗುವುದು ಊತದ ನಡಿಗೆ. ಜ್ವರ, ಮಂಡಿಯ ಸುತ್ತ ಹೊಸದಾಗಿ ಕಾಣಿಸಿದ ಕೆಂಪು ಮತ್ತು ಬಿಸಿ, ಗಾಯದಿಂದ ಸೋರುವಿಕೆ ಅಥವಾ ಮೀನಖಂಡದ ಊತ ಮತ್ತು ನೋವು ಇವುಗಳಲ್ಲಿ ಯಾವುದಿದ್ದರೂ ಪ್ರಯೋಗಾಲಯದ ವಿಚಾರವನ್ನು ಬದಿಗಿಟ್ಟು ಅಂದೇ ಶಸ್ತ್ರಚಿಕಿತ್ಸಕರಿಗೆ ತೋರಿಸಿ.