ಚೆನ್ನಾಗಿ ಬೇಯಿಸಿ ಎಂದವರೇ ಹೆಚ್ಚು ಕರಿಯಬೇಡಿ ಎಂದರೆ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಆಹಾರ ಸುರಕ್ಷತೆಯ ಲೇಖನ ಓದಿ ನೀವು ಬರೆದ ಪತ್ರ ಖಾರವಾಗಿಯೇ ಇದೆ. 'ಒಂದು ಪುಟದಲ್ಲಿ ಚೆನ್ನಾಗಿ ಬೇಯಿಸಿ ಎನ್ನುತ್ತೀರಿ, ಮುಂದಿನ ಪುಟದಲ್ಲಿ ಕಂದುಬಣ್ಣ ಬರುವಷ್ಟು ಕರಿದರೆ ವಿಷ ಹುಟ್ಟುತ್ತದೆ ಎನ್ನುತ್ತೀರಿ. ವಿಜ್ಞಾನಿಗಳು ದಿನಕ್ಕೊಂದು ಮಾತಾಡಿದರೆ ನಾವು ಒಲೆ ಆರಿಸಿ ಕೂರಬೇಕೇ?' ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ಎರಡೂ ಮಾತು ನಿಜ, ಆದರೆ ಅವುಗಳ ನಡುವಿನ ಕೊಂಡಿಯನ್ನು ಲೇಖನ ಹೇಳದೆ ಬಿಟ್ಟಿತು. ಅದು ನಮ್ಮ ಲೋಪ.

ಬಿಸಿ ಕೊಲ್ಲುವುದು ಜೀವಾಣುಗಳನ್ನು. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದರೆ ರೋಗ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದರೆ ಜೀವಾಣು ಬೇರೆ, ಅದು ಬಿಟ್ಟುಹೋದ ವಿಷ ಬೇರೆ. ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದ ಆಹಾರವನ್ನು ಮತ್ತೆ ಕುದಿಸಿದರೆ ಅದು ಸಾಯುತ್ತದೆ, ವಿಷ ಉಳಿದುಕೊಳ್ಳುತ್ತದೆ. ಬಾಟುಲಿಸಂ ಎಂಬ, ನರಗಳನ್ನು ಕೆಡಿಸುವ ವಿಷಾಹಾರದ ಕಾಯಿಲೆಯಲ್ಲಿ ಇದು ತಿರುಗುಮುರುಗು: ಕುದಿಸಿದರೆ ವಿಷ ನಾಶವಾಗುತ್ತದೆ, ಬ್ಯಾಕ್ಟೀರಿಯಾ ಗಟ್ಟಿ ಕವಚ ತೊಟ್ಟು ಮಲಗುವ ರೂಪವಾದ ಬೀಜಕಣ ಮಾತ್ರ ಜಗ್ಗುವುದಿಲ್ಲ. ಹುಳಿಯಿಲ್ಲದ ಆಹಾರವನ್ನು ಡಬ್ಬಿಯಲ್ಲಿ ತುಂಬುವವರು ಒತ್ತಡ ಹಾಕಿ 121 ಡಿಗ್ರಿಗೆ ಏರಿಸುವುದು ಅದಕ್ಕಾಗಿಯೇ.

ಇನ್ನು ಬಿಸಿಯೇ ಹುಟ್ಟಿಸುವ ವಿಷದ ಮಾತು. ಆಲೂಗೆಡ್ಡೆಯ ಹೋಳೊಂದು ಕಾದ ಎಣ್ಣೆಗೆ ಬಿದ್ದ ಗಳಿಗೆಯನ್ನು ನೆನಪಿಸಿಕೊಳ್ಳಿ. ಸುತ್ತ ಗುಳ್ಳೆ ಏಳುವುದು ಹೋಳಿನೊಳಗಿನ ನೀರು ಆವಿಯಾಗಿ ಹೊರಡುವುದರಿಂದ. ಆ ನೀರಿನ ಪಸೆ ಇರುವವರೆಗೆ ಮೇಲ್ಮೈಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಗುಳ್ಳೆ ಅಡಗಿ ಅಂಚು ಒಣಗಿತೆಂದರೆ ಬಿಸಿ ಸರ್ರನೆ ಏರುತ್ತದೆ. 120 ದಾಟಿದ ಮೇಲೆ, ಗೆಡ್ಡೆಯಲ್ಲಿ ಸಹಜವಾಗಿಯೇ ಇರುವ ಆಸ್ಪರಜಿನ್ ಎಂಬ ಅಮೈನೊ ಆಮ್ಲ ಸಕ್ಕರೆಯೊಡನೆ ಕೂಡಿ ಅಕ್ರಿಲಮೈಡ್ ಎಂಬ ವಿಷವಸ್ತು ಆಗತೊಡಗುತ್ತದೆ. ಹೊಂಬಣ್ಣ, ಘಮ, ರುಚಿ ಹುಟ್ಟುವುದೂ ಅದೇ ಕ್ರಿಯೆಗಳ ಸರಣಿಯಲ್ಲಿ. ನಡುವಿನ ಮೆತ್ತನೆಯ ತಿರುಳು ಅಷ್ಟು ಕಾಯುವುದೇ ಇಲ್ಲ.

ದಿನಕ್ಕೊಂದು ಮಾತು ಎಂದಿರಿ. ಇದನ್ನು ಕಂಡುಕೊಂಡ ಬಗೆಯನ್ನು ಕೇಳಿದರೆ ಹಾಗೆನ್ನಲಾರಿರಿ. 1997ರಲ್ಲಿ ಸ್ವೀಡನ್ನಿನ ಹಲ್ಲಂಡ್ಸೋಸ್‌ನಲ್ಲಿ ರೈಲು ಸುರಂಗ ಕೊರೆಯುವಾಗ, ನೀರು ಸೋರದಂತೆ ಬಳಸಿದ ರಾಸಾಯನಿಕದಿಂದ ಅಕ್ರಿಲಮೈಡ್ ಹಳ್ಳ ಸೇರಿತು. ಮೀನುಗಳು ಸತ್ತವು, ಹಸುಗಳು ಏಳಲಾರದೆ ಬಿದ್ದವು. ಕಾರ್ಮಿಕರ ರಕ್ತ ಪರೀಕ್ಷಿಸಿದ ಸಂಶೋಧಕರು, ಹೋಲಿಸಿ ನೋಡಲು ಸುರಂಗದ ಹತ್ತಿರ ಸುಳಿಯದವರ ರಕ್ತವನ್ನೂ ತೆಗೆದುಕೊಂಡರು. ಅವರಲ್ಲೂ ಅದರ ಗುರುತು ಸಿಕ್ಕಿತು! ಅದನ್ನು ಅಳತೆಯ ದೋಷವೆಂದು ತಳ್ಳಿಹಾಕಬಹುದಿತ್ತು. ಅವರು ತಳ್ಳಿಹಾಕಲಿಲ್ಲ. ಹುರಿದ ಮೇವು ತಿಂದ ಇಲಿಗಳಲ್ಲಿ ಆ ಗುರುತು ಏರಿದ್ದನ್ನು ನೋಡಿದರು, ಬಳಿಕ ಆಹಾರವನ್ನೇ ಅಳೆದರು, 2002ರ ಏಪ್ರಿಲ್‌ನಲ್ಲಿ ಜಗತ್ತಿಗೆ ಹೇಳಿದರು. ಮನುಷ್ಯರು ಬೆಂಕಿ ಕಂಡಂದಿನಿಂದ ತಿನ್ನುತ್ತ ಬಂದದ್ದು ಬೆಳಕಿಗೆ ಬಂದದ್ದು ಹೀಗೆ. ಈ ಪಟ್ಟು ಬಿಡದ ಪ್ರಾಮಾಣಿಕತೆಯ ಬಗ್ಗೆ ನನಗೆ ತುಂಬ ಗೌರವವಿದೆ.

ಹೆದರಬೇಕೇ? ಪ್ರಯೋಗದ ಇಲಿಗಳಲ್ಲಿ ಅಕ್ರಿಲಮೈಡ್ ಕ್ಯಾನ್ಸರ್ ತಂದಿದೆ, ಆದರೆ ಅವುಗಳಿಗೆ ಕೊಟ್ಟ ಪ್ರಮಾಣ ನಮ್ಮ ಊಟದಲ್ಲಿರುವುದಕ್ಕಿಂತ ಬಹಳ ಹೆಚ್ಚು. ಮನುಷ್ಯರ ಊಟವನ್ನು ಹಿಂಬಾಲಿಸಿದ ಅಧ್ಯಯನಗಳಲ್ಲಿ ಅಂಥ ಸ್ಪಷ್ಟ ನಂಟು ಕಂಡಿಲ್ಲ. ಹಾಗಾಗಿ ನನ್ನ ಅಭಿಪ್ರಾಯವಿಷ್ಟೆ: ಹಸಿಬಿಸಿ ಮಾಂಸದ ಅಪಾಯ ಇವತ್ತಿನದು, ಅದನ್ನು ಒಳಗಿನವರೆಗೂ ಬೇಯಿಸಿ. ಆಲೂಗೆಡ್ಡೆಯ ಹೋಳುಗಳನ್ನು ನೀರಿನಲ್ಲಿ ನೆನೆಸಿಟ್ಟು, ಒರೆಸಿ, ಹೊಂಬಣ್ಣಕ್ಕೆ ತಿರುಗಿದೊಡನೆ ತೆಗೆಯಿರಿ. ನೆನೆಸಿದಾಗ ಸಕ್ಕರೆ, ಆಸ್ಪರಜಿನ್ ಎರಡೂ ಸ್ವಲ್ಪ ನೀರಿಗೆ ಹೋಗುತ್ತವೆ. ನೀರಿನಲ್ಲಿ ಬೇಯಿಸುವುದಾದರೆ ಈ ಚಿಂತೆಯೇ ಬೇಡ.

ಮುಗ್ಗಲು ಹಿಡಿದ ಕಡಲೆಕಾಯಿ ಬೀಜವನ್ನು ಹುರಿದರೆ ಸಾಲದೇ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಸಾಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಆ ಬೂಷ್ಟು ಹುಟ್ಟಿಸುವ ಅಫ್ಲಟಾಕ್ಸಿನ್ ಎಂಬ ವಿಷ ಹುರಿದರೆ ಸ್ವಲ್ಪ ತಗ್ಗೀತು, ಪೂರ್ತಿ ಹೋಗದು. ಅಂಥ ಬೀಜವನ್ನು ದಯವಿಟ್ಟು ಎಸೆದುಬಿಡಿ. ಕೋಳಿಗೂ ಹಾಕಬೇಡಿ, ಹಸುವಿಗೂ ಹಾಕಬೇಡಿ: ಹಸು ತಿಂದದ್ದು ರೂಪ ಬದಲಿಸಿ ಹಾಲಿಗೇ ಇಳಿಯುತ್ತದೆ.

— ಸಂಪಾದಕ